ಮೇಲಿನ ಬಲಮೂಲೆಯ ಮಡಿಕೆ

ಸಿನಿಮಾದಲ್ಲಿ ಈ ಮನುಷ್ಯನಿಗೆ ನಾನು ಮೂವತ್ತೊಂದು ಸಲ ಹೆಂಡತಿಯಾಗಿದ್ದೇನೆ. ಅದರಲ್ಲಿ ಹನ್ನೊಂದು ಸಲ ವಿಧವೆಯಾದೆ, ಆರು ಸಲ ನಾನೇ ಮೊದಲು ಸತ್ತೆ, ಮಿಕ್ಕ ಚಿತ್ರಗಳಲ್ಲಿ ಇಬ್ಬರೂ ಕೊನೆಯ ದೃಶ್ಯದ ಗುಂಪು ಫೋಟೊದಲ್ಲಿ ನಟ್ಟನಡುವೆ ಕೂತು ಹಲ್ಲು ಕಿರಿದೆವು. ಹಾಗಾಗಿ ಅವರ ವಿಷಯ ಬರೆಯಲು ನನಗೆ ಅಧಿಕಾರವಿದೆ ಅಂದುಕೊಂಡಿದ್ದೇನೆ. ಇಲ್ಲ ಅನ್ನುವವರು ನನ್ನೆದುರು ಬಂದು ಹೇಳಲಿ.

ಸಿನಿಮಾದವರೆಲ್ಲ ಅವರನ್ನು ಕರೆಯುವುದು ‘ಮಾವ’ ಎಂದೇ. ನಲವತ್ತು ತುಂಬುವ ಮೊದಲೇ ತಲೆಗೆ ಬಿಳಿ ಬಳಿಸಿಕೊಂಡು ಹೆಣ್ಣು ಕೊಟ್ಟ ಮಾವನಾದರು. ಅಲ್ಲಿಂದ ಮುಂದೆ ಯಾವ ನಾಯಕ ಮದುವೆಯಾದರೂ ಹುಡುಗಿಯ ತಂದೆ ಇವರೇ. ನಾಯಕರು ಬದಲಾದರು, ನಾಯಕಿಯರು ಮನೆ ಸೇರಿ ಅವರ ಹೆಣ್ಣುಮಕ್ಕಳು ನಾಯಕಿಯರಾದರು, ಮಾವ ಮಾತ್ರ ಮಾವನಾಗಿಯೇ ಉಳಿದರು. ನಿಜವಾಗಿ ನೋಡಿದರೆ ಅವರಿಗೆ ಮಕ್ಕಳೂ ಇಲ್ಲ, ಅಳಿಯಂದಿರೂ ಇಲ್ಲ. ಇರುವುದು ಒಬ್ಬಳು ಹೆಂಡತಿ. ನಾನು ಅವಳನ್ನು ಅಕ್ಕ ಅನ್ನುತ್ತೇನೆ. ಅವಳು ನನ್ನನ್ನು ಸವತಿ ಅನ್ನುತ್ತಾಳೆ, ಅದೂ ಬೀದಿಗೆಲ್ಲ ಕೇಳುವ ಹಾಗೆ. ‘ಬಂದ್ಯೇನೇ ಸವತಿ? ಬಾ, ನಿನ್ನ ಗಂಡ ಒಳಗೆ ನಿದ್ದೆ ಹೊಡೀತಿದ್ದಾನೆ’ ಎಂದು ಅವಳು ಬಾಗಿಲಲ್ಲೇ ಕೂಗಿದಾಗ ಪಕ್ಕದ ಮನೆಗೆ ಹೊಸದಾಗಿ ಬಂದವರು ಕಿಟಕಿ ತೆರೆದು ನೋಡಿದ್ದುಂಟು.

ಮಾವನ ಹೆಸರು ನಿಂತದ್ದು ಅವರ ಮಾತಿನ ತೂಕದಿಂದ. ಒಂದು ವಾಕ್ಯ ಹೇಳುವರು, ನಿಲ್ಲಿಸುವರು. ತಲೆ ಒಂದಿಷ್ಟು ಎಡಕ್ಕೆ ವಾಲಿಸಿ, ಒಳಗಿನ ನೋವನ್ನೆಲ್ಲ ಅಳೆದು ನೋಡುವವರಂತೆ ಸುಮ್ಮನಿದ್ದು, ಆಮೇಲೆ ಮುಂದಿನ ವಾಕ್ಯ. ‘ಮಗಳೇ...’ ಅನ್ನುವುದು, ಆ ಮೌನ, ಆಮೇಲೆ ‘ಈ ಮನೆ ಬಾಗಿಲು ನಿನಗೆ ಯಾವತ್ತೂ ತೆರೆದೇ ಇರುತ್ತೆ’. ಚಿತ್ರಮಂದಿರದಲ್ಲಿ ಹೆಂಗಸರು ಅತ್ತರೆ, ಮನೆಗೆ ಹೋದ ಮೇಲೆ ಗಂಡಸರು ಅದೇ ವರಸೆಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ನನ್ನ ಸ್ವಂತ ಭಾವ ಸೋಪು ತರಲು ಹೇಳುವಾಗಲೂ ನಡುವೆ ನಿಲ್ಲಿಸಿ ತಲೆ ವಾಲಿಸುತ್ತಿದ್ದರು, ಪುಣ್ಯಾತ್ಮರು.

ಆ ಮೌನದ ಗುಟ್ಟು ನಮಗೆಲ್ಲ ಗೊತ್ತಿತ್ತು. ಆಗಿನ ಕಾಲದಲ್ಲಿ ಶೂಟಿಂಗ್ ಮಾಡುವಾಗ ಧ್ವನಿ ಹಿಡಿಯುತ್ತಿರಲಿಲ್ಲ. ಚಿತ್ರ ಮೊದಲು, ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಕೂರಿಸುವುದು. ಕ್ಯಾಮೆರಾದ ಪಕ್ಕ ಪ್ರಾಂಪ್ಟರ್ ನಿಂತು ಒಂದೊಂದೇ ವಾಕ್ಯ ಹೇಳಿಕೊಡುತ್ತಿದ್ದ, ನಾವು ಗಿಣಿಗಳ ಹಾಗೆ ಒಪ್ಪಿಸುತ್ತಿದ್ದೆವು. ಮಾವನಿಗೆ ತನ್ನದೇ ಒಬ್ಬ ಪ್ರಾಂಪ್ಟರ್ ಇದ್ದ. ಬಡಕಲು ಮನುಷ್ಯ, ಕಂಚಿನ ಕಂಠ, ನಾವೆಲ್ಲ ಪ್ರಾಂಪ್ಟಣ್ಣ ಅನ್ನುತ್ತಿದ್ದೆವು. ಜನ ಕಣ್ಣೀರಿಟ್ಟ ಆ ಮೌನದಲ್ಲಿ ಮಾವ ಮಾಡುತ್ತಿದ್ದದ್ದು ಇಷ್ಟೇ: ಪ್ರಾಂಪ್ಟಣ್ಣ ಏನು ಹೇಳುತ್ತಾನೆ ಎಂದು ಕಿವಿಗೊಟ್ಟು ಕೇಳುವುದು. ತಲೆ ಎಡಕ್ಕೇ ಯಾಕೆ ವಾಲುತ್ತಿತ್ತು ಅಂದರೆ ಆತ ನಿಲ್ಲುತ್ತಿದ್ದದ್ದು ಎಡಕ್ಕೆ. ಮಿಕ್ಕ ನಟರು ಹಿಂದಿನ ರಾತ್ರಿ ಪುಟ ನೋಡಿಕೊಂಡು ಬರುತ್ತಿದ್ದರು. ಮಾವ ಪುಟ ಮುಟ್ಟುತ್ತಿರಲಿಲ್ಲ. ದೊಡ್ಡ ನಟರ ಗತ್ತು ಅದು ಅಂದುಕೊಂಡಿದ್ದೆವು.

ಇನ್ನೊಂದು ಅಭ್ಯಾಸವಿತ್ತು. ನಮ್ಮ ಚಿತ್ರಗಳಲ್ಲಿ ಕಾಗದ ಓದುವ ದೃಶ್ಯ ಇಲ್ಲದಿದ್ದರೆ ಜನ ಟಿಕೆಟ್ಟಿನ ದುಡ್ಡು ವಾಪಸ್ ಕೇಳುತ್ತಿದ್ದರೇನೋ. ಓಡಿಹೋದ ಮಗ ಬರೆದ ಕಾಗದ, ಸಾಯುವ ಮುಂಚೆ ಸ್ನೇಹಿತ ಬರೆದ ಕಾಗದ, ಒಮ್ಮೆ ಜಡ್ಜಾಗಿ ಎರಡು ಪುಟದ ತೀರ್ಪು. ಮಾವನ ಕೈಗೆ ಯಾವ ಕಾಗದ ಕೊಟ್ಟರೂ ಮೇಲಿನ ಬಲಮೂಲೆಯನ್ನು ಒಂದಿಷ್ಟು ಮಡಿಸಿಯೇ ಕೊಡಬೇಕು. ಆ ಕೆಲಸ ಪ್ರಾಂಪ್ಟಣ್ಣನದು. ಮಡಿಸದೆ ಕೊಟ್ಟರೆ ಮಾವ ಕಾಗದವನ್ನು ಹಾಗೇ ಮೇಜಿನ ಮೇಲಿಟ್ಟು ಬೀಡಿ ಸೇದಲು ಎದ್ದು ಹೋಗುವರು. ಮಾವನ ಸೆಂಟಿಮೆಂಟು ಅದು, ಮಡಿಸಿದ ಕಾಗದವಿದ್ದರೆ ಚಿತ್ರ ನೂರು ದಿನ ಓಡುತ್ತದೆ ಎಂದು ಸುದ್ದಿಯಾಯಿತು. ಆಮೇಲೆ ಕೇಳಬೇಕೆ! ಮಾವನಿಲ್ಲದ ಚಿತ್ರಗಳಲ್ಲೂ ಮೂಲೆ ಮಡಿಸತೊಡಗಿದರು. ನಾನೂ ಮಡಿಸುತ್ತಿದ್ದೆ. ನನ್ನ ಮನೆಯ ವಿದ್ಯುತ್ ಬಿಲ್ಲಿನ ಮೂಲೆಯನ್ನೂ ಮಡಿಸುತ್ತಿದ್ದೆ, ನಗಬೇಡಿ.

ಬಿಡುವಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದೆವು. ಪೇಪರು ಬಂದ ತಕ್ಷಣ ಅದನ್ನು ನನ್ನ ಮಡಿಲಿಗೆ ಹಾಕಿ, ‘ನೀನೇ ಓದೇ, ನಿನ್ನ ಗಂಟಲು ಚೆನ್ನಾಗಿದೆ’ ಅನ್ನುವರು. ಈ ಮಾತು ನನಗೆ ಎಷ್ಟು ದೊಡ್ಡದು ಎಂದು ನಿಮಗೆ ತಿಳಿಯಬೇಕಾದರೆ ಒಂದು ವಿಷಯ ಹೇಳಬೇಕು. ಮೂವತ್ತೊಂದು ಚಿತ್ರಗಳಲ್ಲಿ ಒಂದರಲ್ಲೂ ನನ್ನ ದನಿ ಇಲ್ಲ. ಗಂಟಲು ದಪ್ಪ, ತಾಯಿಯ ಪಾತ್ರಕ್ಕೆ ಒಪ್ಪಲ್ಲ ಎಂದು ಪ್ರತಿಸಲವೂ ಬೇರೆ ಯಾರಿಂದಲೋ ಮಾತು ಕೊಡಿಸಿದರು. ತೆರೆಯ ಮೇಲೆ ನಾನು ಬಾಯಿ ತೆರೆದರೆ ಬರುವುದು ಸ್ಟುಡಿಯೋದಲ್ಲಿ ಕೂತ ಇನ್ನೊಬ್ಬ ಹೆಂಗಸಿನ ಜೇನುದನಿ. ಇಡೀ ಉದ್ಯಮದಲ್ಲಿ ನನ್ನ ಗಂಟಲು ಚೆನ್ನಾಗಿದೆ ಅಂದವರು ಮಾವ ಒಬ್ಬರೇ. ಹಾಗಾಗಿ ನಾನು ಮಾರುಕಟ್ಟೆ ದರದಿಂದ ಹಿಡಿದು ಮರಣವಾರ್ತೆಯವರೆಗೆ ಎಲ್ಲವನ್ನೂ ಉಬ್ಬಿಕೊಂಡು ಓದುತ್ತಿದ್ದೆ.

ಕಾಲ ಸರಿಯಿತು. ಮಾವ ತಾತನಾದರು. ಸಿನಿಮಾ ಕಡಿಮೆಯಾಗಿ ಧಾರಾವಾಹಿಗೆ ಬಂದರು. ಅಲ್ಲಿ ವಾರಕ್ಕೆ ಐದು ದಿನ ಮೊಮ್ಮಕ್ಕಳ ಜಗಳ ಬಿಡಿಸುತ್ತಾ ನಾಲ್ಕು ವರ್ಷ ಕಳೆದರು. ಒಂದು ಬೆಳಿಗ್ಗೆ ಪ್ರಾಂಪ್ಟಣ್ಣ ಹಲ್ಲುಜ್ಜುತ್ತಾ ಕುಸಿದು ತೀರಿಹೋದ. ಅದಾದ ಮೂರು ತಿಂಗಳಿಗೆ ಮಾವ ಧಾರಾವಾಹಿ ಬಿಟ್ಟರು. ಹೊಸ ಪ್ರಾಂಪ್ಟರುಗಳ ಗಂಟಲು ಸರಿಯಿಲ್ಲ ಅಂದರು, ಮಂಡಿನೋವು ಅಂದರು. ಧಾರಾವಾಹಿಯವರು ಜಾಣರು, ತಾತನನ್ನು ಒಂದೇ ಕಂತಿನಲ್ಲಿ ಸಾಯಿಸಿ ಫೋಟೊ ಮಾಡಿ ಗೋಡೆಗೆ ತಗುಲಿಸಿದರು.

ಅಲ್ಲಿಂದ ಶುರುವಾಯಿತು ನೋಡಿ ಫೋಟೊ ಪಾತ್ರ. ಸತ್ತ ಯಜಮಾನನ ಫೋಟೊ ಬೇಕಾದವರೆಲ್ಲ ಮಾವನ ಮನೆಗೆ ಬಂದರು. ಆ ಮುಖ ಗೋಡೆಯ ಮೇಲಿದ್ದರೆ ಸಾಕು, ಮರ್ಯಾದಸ್ಥರ ಮನೆ ಎಂದು ನೋಡುವವರಿಗೆ ತಾನಾಗಿ ಗೊತ್ತಾಗುತ್ತಿತ್ತು. ಆರು ವರ್ಷಗಳಲ್ಲಿ ಒಂಬತ್ತು ಮನೆಗಳ ಗೋಡೆಯ ಮೇಲೆ ಮಾವ ನೇತಾಡಿದರು. ಸಂಜೆ ಟಿವಿ ಹಾಕಿದರೆ ಒಂದು ಚಾನೆಲ್ಲಿನಲ್ಲಿ ಸೊಸೆ ಅವರ ಮುಂದೆ ನಿಂತು ಬಿಕ್ಕುತ್ತಿದ್ದಾಳೆ, ಇನ್ನೊಂದರಲ್ಲಿ ಕಿರಿಮಗ ಅವರ ಮೇಲೆ ಆಣೆಯಿಡುತ್ತಿದ್ದಾನೆ. ಅಕ್ಕ ತರಕಾರಿ ಹೆಚ್ಚುತ್ತಾ, ‘ಎರಡು ಕಡೆ ಹೆಣ ಆಗಿದೀರಿ, ಎದ್ದು ಹೋಗಿ ಹಾಲಾದ್ರೂ ತನ್ನಿ’ ಅನ್ನುವಳು. ಮಾವ ನಗುವರು. ಆದರೆ ಒಮ್ಮೆ ಅವರು ಫೋಟೊ ತೆಗೆಯಲು ಬಂದವನನ್ನು, ‘ಒಂದೇ ಒಂದು ಮಾತು ಇಲ್ವೇನಪ್ಪಾ? ಸಾಯೋ ಮುಂಚೆ ಏನಾದ್ರೂ ಹೇಳಿರ್ತಾನಲ್ಲ’ ಎಂದು ಕೇಳಿದ್ದನ್ನು ನಾನೇ ನೋಡಿದ್ದೇನೆ. ಅವನು ಫ್ಲ್ಯಾಶ್ ಸರಿಮಾಡುತ್ತಾ ಇಲ್ಲ ಅಂದ. ಅವತ್ತು ನನಗೆ ಸಂಕಟವಾಯಿತು.

ಹಾಗಿರುವಾಗ ಬಂದವಳು ಡೈರೆಕ್ಟರಮ್ಮ. ಮೂವತ್ತು ವರ್ಷ ಇದ್ದಿರಬೇಕು, ಕತ್ತರಿಸಿದ ಕೂದಲು, ಮಾತು ನೇರ. ಇದು ಅವಳ ಮೊದಲ ಚಿತ್ರ. ಹೆಂಡತಿಯನ್ನು ಕಳೆದುಕೊಂಡ ಒಬ್ಬ ಮುದುಕನ ಕತೆ, ಇಡೀ ಚಿತ್ರ ಒಂದೇ ಮನೆಯಲ್ಲಿ. ಮುದುಕ ಮಾವ. ಸತ್ತ ಹೆಂಡತಿ ನಾನು (ಆ ಮೂವತ್ತೊಂದರ ಲೆಕ್ಕಕ್ಕೆ ಇದನ್ನು ಸೇರಿಸಿಲ್ಲ), ಅಂದರೆ ಈ ಸಲ ಗೋಡೆಯ ಮೇಲೆ ನೇತಾಡುವ ಸರದಿ ನನ್ನದು. ಮಾವ ಫೋನು ಮಾಡಿ, ‘ಹ್ಯಾಗಿದೆ ಗೋಡೆ? ಮೊಳೆ ಗಟ್ಟಿ ಇದ್ಯಾ?’ ಎಂದು ಕೇಳಿ ಕಿಸಿಕಿಸಿ ನಕ್ಕರು. ಎಪ್ಪತ್ತಾರು ವರ್ಷದ ಮನುಷ್ಯ ಅಷ್ಟು ಖುಷಿಯಾಗಿ ನಕ್ಕದ್ದು ಕೇಳಿ ಬಹಳ ದಿನವಾಗಿತ್ತು. ಆರು ವರ್ಷದ ಮೇಲೆ ಮಾತಿರುವ ಪಾತ್ರ. ಮಾತು ಬಹಳ ಇರಲಿಲ್ಲ. ಅಲ್ಲಲ್ಲಿ ಒಂದೊಂದು ವಾಕ್ಯ, ಕೊನೆಯಲ್ಲಿ ಒಂದು ದೊಡ್ಡ ದೃಶ್ಯ. ಹೆಂಡತಿ ಬರೆದಿಟ್ಟ ಕಾಗದ ಕಪಾಟಿನಲ್ಲಿ ಸಿಕ್ಕಿ, ಮುದುಕ ಅದನ್ನು ಗಟ್ಟಿಯಾಗಿ ಓದುತ್ತಾನೆ. ಅದೇ ಚಿತ್ರದ ಜೀವ.

ಡೈರೆಕ್ಟರಮ್ಮನದು ಎರಡು ಕಟ್ಟಳೆ. ಮೊದಲನೆಯದು, ಧ್ವನಿಯನ್ನು ಅಲ್ಲೇ ಹಿಡಿಯುವುದು, ಆಮೇಲೆ ಕೂರಿಸುವುದಿಲ್ಲ. ಹಾಗಾಗಿ ಪ್ರಾಂಪ್ಟಿಂಗ್ ಇಲ್ಲ. ಎರಡನೆಯದು, ಕಾಗದದಲ್ಲಿ ಏನಿದೆ ಎಂದು ಮಾವನಿಗೆ ಮೊದಲೇ ಹೇಳುವಂತಿಲ್ಲ. ಕ್ಯಾಮೆರಾ ಓಡುತ್ತಿರುವಾಗಲೇ ಅವರು ಅದನ್ನು ಮೊದಲ ಸಲ ಓದಬೇಕು, ಆಗ ಮುಖದಲ್ಲಿ ಬರುವುದೇ ನಿಜ ಅಂದಳು. ಹೆಂಡತಿಯ ಕಾಗದವಾದ್ದರಿಂದ ಹೆಂಡತಿಯದೇ ಅಕ್ಷರ ಬೇಕು ಎಂದು ನನ್ನಿಂದ ಎರಡು ಪ್ರತಿ ಬರೆಸಿಕೊಂಡಳು. ಬರೆದಾದ ಮೇಲೆ, ‘ಮೇಡಂ, ನಿಮ್ಮ ಮೇಲೆ ನಂಬಿಕೆ ಇಟ್ಟಿದೀನಿ. ಸಾರ್‌ಗೆ ಒಂದಕ್ಷರ ಗೊತ್ತಾಗಬಾರದು’ ಎಂದು ಕೈ ಮೇಲೆ ಕೈ ಹಾಕಿಸಿಕೊಂಡಳು. ನಾನು ಹಾಕಿದೆ. ನನಗೇನು ಗೊತ್ತಿತ್ತು?

ಆ ದೃಶ್ಯಕ್ಕೆ ಮೂರು ದಿನ ಇದೆ ಅನ್ನುವಾಗ ಅಕ್ಕ ನನ್ನ ಮನೆಗೆ ಬಂದಳು. ಬಂದವಳು ಸವತಿ ಅನ್ನಲಿಲ್ಲ, ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಬಂದು ಬಾಗಿಲು ಹಾಕಿಕೊಂಡಳು.

‘ಅವರಿಗೆ ಓದೋಕೆ ಬರಲ್ಲ ಕಣೇ’ ಅಂದಳು.

‘ಯಾರಿಗೆ?’

‘ಇನ್ಯಾರಿಗೆ? ನಮ್ಮಿಬ್ಬರ ಗಂಡನಿಗೆ.’

ಅಕ್ಕ ಹೇಳುತ್ತಾ ಹೋದಳು. ಏಳು ವರ್ಷದ ಹುಡುಗನನ್ನು ನಾಟಕದ ಕಂಪನಿಗೆ ಬಿಟ್ಟಿದ್ದರಂತೆ. ಅಲ್ಲಿ ಪಾಠವೆಲ್ಲ ಬಾಯಿಂದ ಕಿವಿಗೆ. ಎರಡು ಸಲ ಕೇಳಿದರೆ ಇಡೀ ನಾಟಕ ಬಾಯಿಗೆ ಬರುತ್ತಿದ್ದರಿಂದ ಅಕ್ಷರ ಕಲಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಸಿನಿಮಾಕ್ಕೆ ಬಂದ ಮೊದಲ ವರ್ಷವೇ ಹೆಡ್‌ಮಾಸ್ಟರ ಪಾತ್ರ ಸಿಕ್ಕಿತು. ಊರೂರಿನ ಶಾಲೆಗಳು ಅವರನ್ನು ಕರೆದು ಮಕ್ಕಳಿಗೆ ಓದಿನ ಮಹತ್ವ ಹೇಳಿಸಿದವು. ಆಮೇಲೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಸಹಿಯನ್ನು ಮಾತ್ರ ಪ್ರಾಂಪ್ಟಣ್ಣ ಚಿತ್ರ ಬರೆಯಲು ಕಲಿಸಿದ ಹಾಗೆ ಕಲಿಸಿದ. ಮದುವೆಯಾದ ಹೊಸದರಲ್ಲಿ ಅಕ್ಕ ಒಂದು ಸ್ಲೇಟು ತಂದಿಟ್ಟಳಂತೆ, ಮಾವ ಒಂದು ವಾರ ಅವಳ ಹತ್ತಿರ ಮಾತು ಬಿಟ್ಟರಂತೆ.

‘ಹಾಗಾದ್ರೆ ಮೂಲೆ ಮಡಿಸ್ತಿದ್ದದ್ದು?’

‘ಕಾಗದದ ತಲೆ ಯಾವ ಕಡೆ ಅಂತ ಗೊತ್ತಾಗೋಕೆ.’

ನಾನು ಗ್ಯಾಸ್ ಸಿಲಿಂಡರಿನ ಮೇಲೆ ಕೂತುಬಿಟ್ಟೆ. ಒಂದು ಇಡೀ ಉದ್ಯಮ ನಲವತ್ತು ವರ್ಷ ಮೂಲೆ ಮಡಿಸಿತ್ತು. ನನ್ನ ವಿದ್ಯುತ್ ಬಿಲ್ಲು! ನಗು ಬಂತು, ಅದರ ಹಿಂದೆಯೇ ಸಿಟ್ಟು ನೆತ್ತಿಗೇರಿತು. ಸಿಟ್ಟು ಯಾಕೆಂದರೆ ಆ ಪೇಪರು ನೆನಪಾಯಿತು. ‘ನೀನೇ ಓದೇ, ನಿನ್ನ ಗಂಟಲು ಚೆನ್ನಾಗಿದೆ.’ ಓಹೋ, ಇದಾ ವಿಷಯ! ಓದಲು ಬರದವನಿಗೆ ಓದಿ ಹೇಳಲು ಒಂದು ಗಂಟಲು ಬೇಕಿತ್ತು, ಪಕ್ಕದಲ್ಲಿ ಪೆದ್ದಿಯೊಬ್ಬಳು ಕೂತಿದ್ದಳು. ಮೂವತ್ತು ವರ್ಷ ಉಬ್ಬಿಕೊಂಡಿದ್ದೆನಲ್ಲ ಎಂದು ಮೈಯೆಲ್ಲ ಉರಿಯಿತು. ಅಕ್ಕನಿಗೆ ಇದನ್ನು ಹೇಳಲಿಲ್ಲ. ಅವಳು ಮೂಗು ಒರೆಸಿಕೊಳ್ಳುತ್ತಿದ್ದಳು.

‘ಮಿಕ್ಕ ಮಾತೆಲ್ಲ ನಾನೇ ಓದಿ ಬಾಯಿಪಾಠ ಮಾಡಿಸಿದೆ, ಈ ಕಾಗದ ನನ್ನ ಕೈಗೆ ಸಿಗಲ್ವಲ್ಲ. ಪಾತ್ರ ಬೇಡ ಅಂದುಬಿಡಿ ಅಂದೆ. ನೋಡೋಣ ಅಂತಾರೆ. ನೋಡೋದೇನು, ಎಲ್ಲರ ಮುಂದೆ ಬಯಲಾಗುತ್ತೆ. ಮಾತಾಡಬೇಕು ಅನ್ನೋ ಆಸೆ ಕಣೇ ಅವರಿಗೆ. ಗೋಡೆ ಮೇಲೆ ಸಾಕಾಗಿದೆ. ನೀನು ಏನಾದ್ರೂ ಮಾಡು. ನಾನು ನಿನಗೆ ಹೇಳಿದೀನಿ ಅಂತ ಮಾತ್ರ ಅವರಿಗೆ ಗೊತ್ತಾಗಬಾರದು.’

ಡೈರೆಕ್ಟರಮ್ಮನ ಕೈ ಮೇಲೆ ಹಾಕಿದ ಆಣೆ ಒಂದು ಕಡೆ, ಇವಳ ಕಣ್ಣೀರು ಒಂದು ಕಡೆ. ನಾನು ಬಹಳ ಯೋಚಿಸಲಿಲ್ಲ.

ಮಾರನೆಯ ಬೆಳಿಗ್ಗೆ ಅವರ ಮನೆಗೆ ಹೋದೆ. ಹಜಾರದ ಕಿಟಕಿಯ ಪಕ್ಕ ಮಾವ ಎಂದಿನಂತೆ ಪೇಪರು ಅಗಲಿಸಿ ಹಿಡಿದು ಕೂತಿದ್ದರು. ದಿನಾ ಬೆಳಿಗ್ಗೆ ಒಂದು ಗಂಟೆ ಆ ನಾಟಕ ನಡೆಯುತ್ತಿತ್ತು. ಚಿತ್ರ ನೋಡಿ ತಲೆ ಯಾವ ಕಡೆ ಎಂದು ತಿಳಿದುಕೊಳ್ಳುತ್ತಿದ್ದರಂತೆ. ನಾನು ಅಕ್ಕನ ಜೊತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ‘ಅಕ್ಕಾ, ಒಂದು ಗುಟ್ಟು. ಆ ಕಾಗದ ಇದೆಯಲ್ಲ, ನೀನೊಬ್ಬಳು ಕೇಳು, ಹೆಂಗಿದೆ ಹೇಳು’ ಎಂದು ಊರಿಗೆಲ್ಲ ಕೇಳುವಂತೆ ಗುಟ್ಟು ಹೇಳಿದೆ. ಓದಿದೆ. ಅಕ್ಕ, ‘ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ’ ಅಂದಳು. ಓದಿದೆ. ‘ಮಧ್ಯದ್ದು ಚೆನ್ನಾಗಿದೆ, ಪುನಃ ಓದು’ ಅಂದಳು. ಮೂರನೆಯ ಸಲ ಓದುವಾಗ ಹಣಿಕಿ ನೋಡಿದೆ. ಪೇಪರು ಒಂದು ಪುಟವೂ ತಿರುಗಿರಲಿಲ್ಲ, ಹಿಂದಿದ್ದ ತಲೆ ಎಡಕ್ಕೆ ವಾಲಿತ್ತು. ಮೂವರಿಗೂ ಎಲ್ಲ ಗೊತ್ತು, ಯಾರೂ ತುಟಿಪಿಟಕ್ಕೆನ್ನಲಿಲ್ಲ. ಹೊರಡುವಾಗ ಮಾವ ಪೇಪರಿನ ಹಿಂದಿನಿಂದಲೇ, ‘ಬಂದಿದ್ಯೇನೇ? ನಾನು ನೋಡಲೇ ಇಲ್ಲ’ ಅಂದರು. ನನಗಿನ್ನೂ ಸಿಟ್ಟು ಇಳಿದಿರಲಿಲ್ಲ. ‘ಓದೋದ್ರಲ್ಲಿ ಮುಳುಗಿದ್ರಿ, ಎಲ್ಲಿಂದ ನೋಡ್ತೀರಿ?’ ಎಂದು ಚಪ್ಪಲಿ ಮೆಟ್ಟಿ ಬಂದೆ.

ಶೂಟಿಂಗ್ ದಿನ ನನಗೆ ಕೆಲಸವಿರಲಿಲ್ಲ, ಫೋಟೊಗೇನು ಕೆಲಸ? ಆದರೂ ಎಂಟು ಗಂಟೆಗೇ ಹೋಗಿ ಮೇಜಿನ ಮೇಲಿದ್ದ ಕಾಗದದ ಬಲಮೂಲೆ ಮಡಿಸಿದೆ. ಇಲ್ಲಿನವರೆಲ್ಲ ಹೊಸಬರು, ಅವರಿಗೆ ಈ ಸೆಂಟಿಮೆಂಟು ಗೊತ್ತಿರಲಿಲ್ಲ. ಹಳಬನೆಂದರೆ ಲೈಟಿನವನೊಬ್ಬ. ಅವನು ಏಣಿಯ ಮೇಲಿಂದಲೇ ನೋಡಿ, ‘ಮಡಿಸಿದ್ರಾ ತಾಯೀ? ಹಾಗಾದ್ರೆ ನೂರು ದಿನ ಗ್ಯಾರಂಟಿ’ ಅಂದ. ಧ್ವನಿ ಹಿಡಿಯುವ ಹುಡುಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಫ್ಯಾನ್ ನಿಲ್ಲಿಸಿದ, ಫ್ರಿಜ್ ನಿಲ್ಲಿಸಿದ, ಕಿಟಕಿಯ ಪಾರಿವಾಳ ಓಡಿಸಿದ. ಬಳೆ ಸದ್ದು ಎಂದು ನನ್ನ ಬಳೆಯನ್ನೂ ತೆಗೆಸಿದ.

ಮೊದಲ ಟೇಕಿನಲ್ಲಿ ಕ್ಯಾಮೆರಾ ಮಾವನ ಮುಖದ ಎದುರಿಗಿತ್ತು. ಕಪಾಟು ತೆರೆದರು, ಬಟ್ಟೆಯ ನಡುವಿನಿಂದ ಕಾಗದ ತೆಗೆದರು, ಮಡಿಕೆಯ ಮೇಲೆ ಹೆಬ್ಬೆರಳಿಟ್ಟರು, ಓದಿದರು. ಏನು ಓದಿದರು ಅಂತೀರಿ! ಒಂದಕ್ಷರ ತಪ್ಪಿಲ್ಲ. ಅಲ್ಲಲ್ಲಿ ತಡವರಿಸಿದರು, ಒಂದು ಪದಕ್ಕೆ ಕಣ್ಣು ಕಿರಿದು ಮಾಡಿದರು, ಒಂದು ಸಾಲನ್ನು ಹಿಂದೆ ಹೋಗಿ ಮತ್ತೆ ಓದಿದರು. ಓದಲು ಬರುವ ನನಗೇ ಅಷ್ಟು ಚೆನ್ನಾಗಿ ಓದಲು ಬರುವುದಿಲ್ಲ. ಕಟ್ ಅಂದಾಗ ಡೈರೆಕ್ಟರಮ್ಮನ ಕಣ್ಣು ಒದ್ದೆಯಾಗಿತ್ತು. ನಾನು ಮನೆಯಲ್ಲಿದ್ದ ಅಕ್ಕನಿಗೆ ‘ಆಯ್ತು’ ಎಂದು ಮೆಸೇಜು ಹಾಕಿದೆ.

‘ಇನ್ನೊಂದು ತಗೊಳ್ಳೋಣ ಸಾರ್. ಈ ಸಲ ಕ್ಯಾಮೆರಾ ನಿಮ್ಮ ಹೆಗಲ ಹಿಂದೆ ಇರುತ್ತೆ, ಮೇಡಂ ಅಕ್ಷರ ಕಾಣಬೇಕು’ ಅಂದಳು ಡೈರೆಕ್ಟರಮ್ಮ. ಮೊದಲ ಕಾಗದ ಮಾವನ ಬೆವರಿಗೆ ಮೆತ್ತಗಾಗಿತ್ತು. ಅವಳು ತನ್ನ ಫೈಲು ತೆರೆದು ಎರಡನೆಯ ಪ್ರತಿ ತೆಗೆದು ಕಪಾಟಿನೊಳಗಿಟ್ಟಳು.

ಎರಡನೆಯ ಪ್ರತಿ. ನಾನೇ ಬರೆದುಕೊಟ್ಟದ್ದು, ನಾನೇ ಮರೆತದ್ದು. ಅಷ್ಟರಲ್ಲಿ ಎಲ್ಲರೂ ಸದ್ದಡಗಿಸಿ ನಿಂತಿದ್ದರು, ಕ್ಯಾಮೆರಾ ಓಡುತ್ತಿತ್ತು.

ಮಾವ ಕಾಗದ ತೆಗೆದರು. ಹೆಬ್ಬೆರಳು ಬಲಮೂಲೆಗೆ ಹೋಯಿತು. ಮಡಿಕೆ ಇಲ್ಲ. ಕೆಳಗಿನ ಮೂಲೆಗೆ ಹೋಯಿತು. ಅಲ್ಲಿಂದ ಎಡಕ್ಕೆ, ಅಲ್ಲಿಂದ ಮೇಲಕ್ಕೆ. ನಾಲ್ಕು ಮೂಲೆಯನ್ನೂ ಆ ಹೆಬ್ಬೆರಳು ನಿಧಾನವಾಗಿ ಸವರಿ ನೋಡಿದ್ದನ್ನು ನಾನು ನೋಡಿದೆ. ಆಮೇಲೆ ಯಾವುದೋ ಒಂದು ಅಂಚನ್ನು ಮೇಲೆ ಮಾಡಿ ಹಿಡಿದು ಓದತೊಡಗಿದರು.

‘ಕಟ್ ಕಟ್’ ಎಂದು ಡೈರೆಕ್ಟರಮ್ಮ ಮಾನಿಟರಿನ ಹಿಂದಿನಿಂದ ನಗುತ್ತಾ ಎದ್ದಳು. ‘ಸಾರ್! ಕಾಗದ ತಲೆಕೆಳಗಾಗಿದೆ! ಅಷ್ಟು ಬಾಯಿಪಾಠ ಆಗೋಯ್ತಾ ಒಂದೇ ಟೇಕಿಗೆ?’

ಎಲ್ಲರೂ ಘೊಳ್ಳೆಂದು ನಕ್ಕರು. ಮಾವ ತಮಾಷೆಗೆ ಹೆಸರಾದವರು, ಇದೂ ಒಂದು ತಮಾಷೆ ಅಂದುಕೊಂಡರು. ನನಗೆ ಹೋದ ಜೀವ ಬಂತು. ‘ಇವರ ಚೇಷ್ಟೆ ನಿಮಗೆ ಗೊತ್ತಿಲ್ಲ, ಒಂದು ಸಲ ಹೀಗೇ ತೀರ್ಪನ್ನ...’ ಎಂದು ನಾನು ಮುಂದೆ ನುಗ್ಗಿದೆ. ಮಾವ ಒಂದು ಸಲ ನಕ್ಕಿದ್ದರೆ ಸಾಕಿತ್ತು. ಕಾಗದ ತಿರುಗಿಸಿ ಹಿಡಿದಿದ್ದರೆ ಮುಗಿಯುತ್ತಿತ್ತು.

‘ನೀನು ಸುಮ್ನಿರೇ’ ಅಂದರು ನನಗೆ. ಆಮೇಲೆ ಡೈರೆಕ್ಟರಮ್ಮನ ಕಡೆ ತಿರುಗಿದರು. ‘ತಮಾಷೆ ಅಲ್ಲಮ್ಮಾ. ನನಗೆ ಓದೋಕೆ ಬರಲ್ಲ.’

ನಗು ಒಂದೊಂದೇ ಬಾಯಲ್ಲಿ ನಿಂತಿತು. ಪಾರಿವಾಳ ವಾಪಸ್ ಬಂದು ಕಿಟಕಿಯಲ್ಲಿ ಕೂತಿತ್ತು, ಅದರ ಸದ್ದು ಕೇಳಿಸಿತು. ಮಾವ ಮಂಚದ ಮೇಲೆ ಕೂತರು. ‘ಎಪ್ಪತ್ತು ವರ್ಷ ಮುಚ್ಚಿಟ್ಟೆ, ಸಾಕು. ನಿನ್ನ ಚಿತ್ರಕ್ಕೆ ಮೋಸ ಮಾಡಬಾರದು. ಬೇರೆಯವರನ್ನ ಹಾಕ್ಕೋತೀಯಾ, ಹಾಕ್ಕೋ. ನನಗೆ ಬೇಜಾರಿಲ್ಲ’ ಅಂದರು. ಬೇಜಾರಿಲ್ಲ ಅನ್ನುತ್ತಾ ಆ ಕಾಗದದ ಒಂದು ಮೂಲೆಯನ್ನು ತಾವೇ ಮಡಿಸುತ್ತಿದ್ದರು.

ಮೊದಲು ಬಾಯಿ ಬಿಟ್ಟವನು ಏಣಿಯ ಮೇಲಿದ್ದ ಲೈಟಿನವನು. ‘ಅಲ್ಲ ಮಾವಾ, ಹಾಗಾದ್ರೆ ಆ ಜಡ್ಜ್ ಪಾತ್ರದಲ್ಲಿ ಎರಡು ಪುಟ ಓದಿ ಗಲ್ಲಿಗೆ ಹಾಕಿದ್ರಲ್ಲ?’

‘ಕೇಳಿ ಹಾಕಿದ್ದು ಕಣಯ್ಯಾ’ ಅಂದರು ಮಾವ.

ಈ ಸಲದ ನಗು ಬೇರೆ ಥರ ಇತ್ತು. ಮಾವನೂ ನಕ್ಕರು, ಕಣ್ಣೊರೆಸಿಕೊಂಡರು. ಡೈರೆಕ್ಟರಮ್ಮ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದಳು. ‘ಅಂದ್ರೆ ಕಾಗದದಲ್ಲಿ ಇದ್ದದ್ದನ್ನ ಸಾರ್‌ಗೆ ಹೇಳಿದ್ದು ಯಾರು?’

‘ನಾನೇ. ಮೂರು ಸಲ ಓದಿದೆ. ಕೈ ಮೇಲೆ ಕೈ ಹಾಕಿದ್ದೆ, ಮುರಿದೆ. ಏನೀಗ?’ ಅಂದೆ. ತಪ್ಪು ಮಾಡಿದಾಗ ನನ್ನ ದನಿ ಇನ್ನೂ ಜೋರಾಗುತ್ತದೆ.

ಅವಳು ಮಾವನ ಪಕ್ಕ ಕೂತಳು. ಬೈಯುತ್ತಾಳೆ ಅಂದುಕೊಂಡೆ. ‘ಸಾರ್, ಮೊದಲ ಸಲ ಆ ಕಾಗದ ಕೇಳಿದಾಗ ನಿಮ್ಮ ಮುಖ ಹೇಗಿತ್ತು?’ ಎಂದು ಕೇಳಿದಳು.

‘ಯಾರಿಗೆ ಗೊತ್ತು? ಪೇಪರ್ ಅಡ್ಡ ಇತ್ತು.’

ಅವಳು ಉಗುರು ಕಚ್ಚಿಕೊಂಡಳು. ಆಮೇಲೆ ಎದ್ದು ಹೇಳಿದಳು: ಇನ್ನು ಮೇಲೆ ಕತೆಯ ಮುದುಕನಿಗೂ ಓದಲು ಬರುವುದಿಲ್ಲ. ಓದಲು ಬಾರದ ಗಂಡನಿಗೆ ಯಾವ ಹೆಂಡತಿ ಕಾಗದ ಬರೆದಿಟ್ಟು ಹೋಗುತ್ತಾಳೆ? ಫೋನಿನಲ್ಲಿ ಮಾತಾಡಿ ಇಟ್ಟು ಹೋಗುತ್ತಾಳೆ. ಮುದುಕ ಅದನ್ನು ಕೇಳುತ್ತಾನೆ, ಅಷ್ಟೇ ದೃಶ್ಯ. ‘ಮಾತು ನಾನು ಬರೆಯಲ್ಲ ಮೇಡಂ. ಮೂವತ್ತೊಂದು ಸಲ ಹೆಂಡತಿ ಆಗಿದೀರಿ, ನೀವೇ ಬರೀರಿ. ಸಾರ್‌ಗೆ ಹೇಳಬೇಡಿ, ಈ ಸಲವಾದ್ರೂ. ಕ್ಯಾಮೆರಾ ಪಕ್ಕ ಕೂತು ನೀವೇ ಹೇಳಬೇಕು.’

‘ನನ್ನ ಗಂಟಲು ದಪ್ಪ’ ಅಂದೆ.

‘ಅದಕ್ಕೇನೀಗ?’ ಅಂದಳು.

ಮೇಕಪ್ ರೂಮಿನಲ್ಲಿ ಅರ್ಧ ಗಂಟೆ ಕೂತು ಬರೆದೆ. ಬರೆಯಲು ಕಷ್ಟವೇನೂ ಆಗಲಿಲ್ಲ, ಮೂರು ದಿನದಿಂದ ಎಲ್ಲ ಗಂಟಲಿಗೇ ಬಂದು ಕೂತಿತ್ತು. ಬಂದು ಕ್ಯಾಮೆರಾದ ಪಕ್ಕ, ಮಾವನ ಎಡಕ್ಕೆ, ಪ್ರಾಂಪ್ಟಣ್ಣ ನಿಲ್ಲುತ್ತಿದ್ದ ಜಾಗದಲ್ಲಿ, ಒಂದು ಸ್ಟೂಲಿನ ಮೇಲೆ ಕೂತೆ. ಮಾವ ಮಂಚದ ಮೇಲೆ ಕೂತು ಫೋನು ಕೈಯಲ್ಲಿ ಹಿಡಿದರು. ಲೆನ್ಸು ಅವರ ಮುಖದ ಹತ್ತಿರ ಹೋಯಿತು. ನಾನು ಶುರು ಮಾಡಿದೆ.

‘ರೀ, ಕೇಳ್ತಾ ಇದೀರಾ? ಕೇಳ್ತಾ ಇರ್ತೀರಿ ಬಿಡಿ, ನಿಮಗೆ ಬರೋದೇ ಅದೊಂದು. ಹಿಂಬಾಗಿಲ ಚಿಲಕ ಸಡಿಲ ಆಗಿದೆ, ಎರಡು ಸಲ ಎಳೆದು ನೋಡಿ ಮಲಗಿ. ನೀಲಿ ಅಂಗಿಗೆ ಗುಂಡಿ ಹಾಕಿಟ್ಟಿದೀನಿ. ಮಂಡಿನೋವು ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಬೇಡಿ, ಯಾರೂ ನಂಬಲ್ಲ.’

ಮಾವನ ತಲೆ ಎಡಕ್ಕೆ ವಾಲಿತು, ತುಟಿಯ ತುದಿಯಲ್ಲಿ ನಗು ಬಂತು.

‘ಇನ್ನೊಂದು ವಿಷಯ. ಇಷ್ಟು ವರ್ಷ ಪೇಪರ್ ಬಂದ ತಕ್ಷಣ ನನ್ನ ಕೈಗೆ ಹಾಕಿ, ನೀನೇ ಓದೇ, ನಿನ್ನ ಗಂಟಲು ಚೆನ್ನಾಗಿದೆ ಅಂತಿದ್ರಿ. ನಾನು ನಂಬಿದೆ. ನನ್ನ ಗಂಟಲು ಚೆನ್ನಾಗಿದೆ ಅಂತ ಯಾರೂ ಹೇಳಿರಲಿಲ್ಲ ನೋಡಿ. ನಿಮಗೆ ಓದೋಕೆ ಬರಲ್ಲ ಅಂತ ಗೊತ್ತಾದ ದಿನ ನನಗೆ ಸಿಟ್ಟು ಬಂತು. ಓದೋಕೆ ಬರಲ್ಲ ಅಂತಲ್ಲ. ಆ ಮಾತು ಸುಳ್ಳಾಗೋಯ್ತಲ್ಲ ಅಂತ. ಕೇಳಬೇಕು ಅಂದ್ಕೊಂಡೆ, ಕೇಳಲಿಲ್ಲ. ಈಗ ನೀವು ಉತ್ತರ ಹೇಳಿದ್ರೂ ನನಗೆ ಕೇಳಿಸಲ್ಲ. ಇಡ್ತೀನಿ.’

ನನ್ನ ಹಾಳೆ ಅಲ್ಲಿಗೆ ಮುಗಿದಿತ್ತು. ಮಾವನ ನಗು ಯಾವಾಗಲೋ ಹೋಗಿತ್ತು. ತಲೆ ವಾಲಿಸಿಕೊಂಡು ಹಾಗೇ ಕೂತಿದ್ದರು. ಆ ಮೌನವನ್ನು ನಾನು ಮೂವತ್ತೊಂದು ಚಿತ್ರಗಳಲ್ಲಿ ಪಕ್ಕದಲ್ಲೇ ನಿಂತು ನೋಡಿದ್ದೇನೆ, ಅದು ಎಷ್ಟು ಹೊತ್ತು ಇರುತ್ತದೆ ಎಂದು ನನಗೆ ಗೊತ್ತು. ಇದು ಅದಕ್ಕಿಂತ ಉದ್ದವಾಯಿತು. ಮುಂದಿನ ಮಾತು ಹೇಳಿಕೊಡುವವರು ಯಾರೂ ಇರಲಿಲ್ಲ. ಡೈರೆಕ್ಟರಮ್ಮ ಕಟ್ ಅನ್ನಲು ಕೈ ಎತ್ತಿದ್ದಳು.

ಮಾವ ಫೋನಿನ ಕಡೆ ನೋಡದೆ, ಲೆನ್ಸಿನ ಕಡೆಯೂ ನೋಡದೆ, ಎಡಕ್ಕೆ ಸ್ಟೂಲಿನ ಕಡೆ ನೋಡಿದರು.

‘ಸುಳ್ಳಲ್ಲ ಕಣೇ’ ಅಂದರು. ನಿಲ್ಲಿಸಿದರು. ‘ಓದೋಕೆ ಬಂದಿದ್ರೂ ನಿನ್ನ ಕೈಲೇ ಓದಿಸ್ತಿದ್ದೆ.’

ಕಟ್ ಅಂದವರು ಯಾರು, ಯಾವಾಗ ಅಂದರು, ನನಗೆ ನೆನಪಿಲ್ಲ. ಧ್ವನಿಯ ಹುಡುಗ ಹೆಡ್‌ಫೋನ್ ತೆಗೆದು ಅಳುಕುತ್ತಾ ಮುಂದೆ ಬಂದದ್ದು ನೆನಪಿದೆ. ಕೊನೆಯಲ್ಲಿ ಯಾರೋ ಸುರ್ರೆಂದು ಮೂಗೆಳೆದ ಸದ್ದು ಬಿದ್ದಿದೆ, ಇನ್ನೊಂದು ಟೇಕ್ ಬೇಕಾಗುತ್ತೆ ಅಂದ. ಯಾರೆಂದು ನಾನು ಹೇಳಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ.

ಮಾವ ಎದ್ದು ಬೀಡಿ ಹುಡುಕುತ್ತಿದ್ದರು. ‘ಇನ್ನೊಂದ್ಸಲ ಆಗಲ್ಲಪ್ಪಾ’ ಅಂದರು. ‘ಅವಳು ಕೇಳಿದ್ಲು, ನಾನು ಹೇಳಿದೆ.’